ಬಾಯಿ ಬಿಡದ ಮೀನು

ನನಗೆ ನೂರೆಂಟು ಜನ ಶಿಷ್ಯರು. ಅವರಲ್ಲಿ ಮೂವರು ಮಠಕ್ಕೆ ಸ್ವಾಮಿಗಳಾಗಿದ್ದಾರೆ. ಒಬ್ಬ ಕಡಲಿಗಿಳಿದು ತಿಮಿಂಗಿಲಗಳಿಗೆ ಕಾಗುಣಿತ ಹೇಳಿಕೊಡುತ್ತಿದ್ದಾನೆ.

ಸುಳ್ಳು. ಇರುವವನು ಒಬ್ಬನೇ ಶಿಷ್ಯ, ತಿಪ್ಪೇಶ. ಅವನೂ ಜ್ಞಾನ ಬೇಕೆಂದು ಬಂದವನಲ್ಲ. ದಾವಣಗೆರೆಯಲ್ಲಿ ನನ್ನದೊಂದು ಬಣ್ಣದ ಮೀನಿನ ಅಂಗಡಿ. ಮನೆಯ ಗಾಜಿನ ತೊಟ್ಟಿಯ ನೀರು ಯಾಕೆ ಹಸಿರಾಗುತ್ತದೆ ಎಂದು ಕೇಳಲು ಒಂದು ದಿನ ಬಂದ. ಬಿಸಿಲು ಬೀಳುವ ಕಡೆ ಇಟ್ಟಿದ್ದೀಯ, ಅದಕ್ಕೆ ಎಂದೆ. ಅಷ್ಟಕ್ಕೇ ಅವನು ನನ್ನನ್ನು ಗುರುಗಳೇ ಎಂದ. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ತಿಪ್ಪೇಶ ಕೆಟ್ಟವನಲ್ಲ. ಆದರೆ ಕಂಡದ್ದನ್ನು ನುಂಗಿಕೊಳ್ಳಲು ಬಾರದವನು. ಹೋದ ವರ್ಷ ಹೆಣ್ಣು ನೋಡಲು ಹೋಗಿದ್ದ. ಅವರು ಕೊಟ್ಟ ಉಪ್ಪಿಟ್ಟನ್ನು ತಿನ್ನುತ್ತಲೇ, ಹುಡುಗಿಯ ಹಲ್ಲು ಉಬ್ಬಿವೆ ಎಂದು ಹುಡುಗಿಯ ಎದುರಿಗೇ ಹೇಳಿ ಬಂದ. ಯಾಕಪ್ಪ ಹಾಗೆಂದೆ ಎಂದು ಕೇಳಿದರೆ, "ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಗುರುಗಳೇ" ಎಂದ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಈಗ ಹರಿಹರದ ಕಡೆಯಿಂದ ಇನ್ನೊಂದು ಸಂಬಂಧದ ಮಾತು ನಡೆಯುತ್ತಿದೆ.

ಮೊನ್ನೆ ಸಂಜೆ ನಾವಿಬ್ಬರೂ ಬಸ್ ಸ್ಟ್ಯಾಂಡ್ ಹಿಂದಿನ ಕರಿಬಸಪ್ಪನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆವು. ಮಂಡಕ್ಕಿ ಬಂತು, ಮೆಣಸಿನಕಾಯಿ ಬಜ್ಜಿ ಬಂತು. ತಿಪ್ಪೇಶ ಮುಟ್ಟಲಿಲ್ಲ. ನಾನು ಎರಡು ತಟ್ಟೆಯನ್ನೂ ಮುಗಿಸಿದ ಮೇಲೆ ಕೇಳಿದ:

"ಗುರುಗಳೇ, ಕಣ್ಣಾರೆ ಕಂಡದ್ದನ್ನು ಹೇಳುವುದು ತಪ್ಪೇ?"

"ಏನು ಕಂಡೆ?"

ಅವನು ನೆಲ ನೋಡುತ್ತಾ ಹೇಳಿದ. ಅವನು ಸಿಟಿ ಬಸ್ಸಿನಲ್ಲಿ ಹೋಗುವಾಗ, ಇದೇ ಬೆಂಚಿನ ಮೇಲೆ, ಅವನ ಅತ್ತಿಗೆ ಯಾರೋ ಗಂಡಸಿನ ಜೊತೆ ಕುಳಿತು ಚಹಾ ಕುಡಿಯುತ್ತಿದ್ದರು. ಒಂದು ಸಲವಲ್ಲ, ಎರಡು ಸಲ ಕಂಡ. ಗಂಡಸು ನೆಂಟನಲ್ಲ, ಓಣಿಯವನೂ ಅಲ್ಲ. ಅತ್ತಿಗೆ ಕೈ ಮುಗಿದು ಏನೋ ಹೇಳುತ್ತಿದ್ದರು. ಮನೆಗೆ ಬಂದು ಅವರು ಯಾರ ಹತ್ತಿರವೂ ಈ ಮಾತೆತ್ತಲಿಲ್ಲ. ಭಾನುವಾರ ಮನೆಯಲ್ಲಿ ನೆಂಟರು ಸೇರಿದ್ದರು. ಎಲ್ಲರೂ ಊಟಕ್ಕೆ ಕುಳಿತಿದ್ದರು, ಅತ್ತಿಗೆ ಸಾರು ಬಡಿಸುತ್ತಾ ಬರುತ್ತಿದ್ದರು. ತಿಪ್ಪೇಶನ ಎಲೆಯ ಮುಂದೆ ಬಂದಾಗ ಅವನು ಕೇಳಿದ: "ಅತ್ತಿಗೆ, ಬಸ್ ಸ್ಟ್ಯಾಂಡ್ ಹಿಂದೆ ನಿಮ್ಮ ಜೊತೆ ಕೂತು ಚಹಾ ಕುಡೀತಾನಲ್ಲ, ಆ ಗಂಡಸು ಯಾರು?"

"ಅವರೇನೆಂದರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಪಂಕ್ತಿಯ ಕೊನೆಯವರೆಗೂ ಬಡಿಸಿದರು. ಪಾತ್ರೆ ಒಳಗಿಟ್ಟರು. ಸಂಜೆ ಜಗಳೂರಿಗೆ, ತವರಿಗೆ ಹೋದರು. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ."

"ಮತ್ತೆ?"

"ಮತ್ತೇನು ಗುರುಗಳೇ? ತಪ್ಪಿಲ್ಲದಿದ್ದರೆ ಬಾಯಿ ಬಿಟ್ಟು ಹೇಳಬೇಕಾಗಿತ್ತು. ಸುಮ್ಮನಿದ್ದಾರೆ ಅಂದರೆ ಅರ್ಥವೇನು? ನಾನು ಕಂಡದ್ದನ್ನು ಹೇಳಿದೆ, ಅಷ್ಟೇ." ಖಾಲಿ ತಟ್ಟೆಯನ್ನು ದೂರ ಸರಿಸಿ ಹೇಳಿದ: "ಆದರೂ ಅನ್ನ ಸೇರುತ್ತಿಲ್ಲ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವರು ಅವರು. ಅವರಿಲ್ಲದ ಅಡುಗೆಮನೆಗೆ ಹೋಗಲು ನಾಚಿಕೆಯಾಗುತ್ತದೆ."

ಕರಿಬಸಪ್ಪ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದ. ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಅವನು ಸೋಸುವುದನ್ನು ಮುಂದುವರಿಸಿದ.

ನಾನು ಕತೆ ಹೇಳಿದೆ.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನ ಮನೆಯಲ್ಲಿ ಒಂದು ಗಾಜಿನ ತೊಟ್ಟಿ. ತೊಟ್ಟಿಯಲ್ಲಿ ಒಂದು ಜೋಡಿ ಮೀನು. ಸಿಕ್ಲಿಡ್ ಎನ್ನುವ ಜಾತಿ. ಮೂಲ ಆಫ್ರಿಕಾದ ಸರೋವರ, ನಮ್ಮ ಕೆರೆಗಳಲ್ಲಿ ಬಂದು ಸೇರಿಕೊಂಡ ಜಿಲೇಬಿ ಮೀನಿಗೆ ದೂರದ ದಾಯಾದಿ. ಗಂಡು ಹಳದಿ, ಹೆಣ್ಣು ನೀಲಿ. ಒಂದೊಂದೂ ಮೊಸಳೆಯಷ್ಟು ದೊಡ್ಡದು.

"ಮೊಸಳೆಯಷ್ಟೇ?" ಎಂದ ತಿಪ್ಪೇಶ.

ಅಂಗೈಯಷ್ಟು. ಅದೂ ಮಗುವಿನ ಅಂಗೈ. ಕತೆ ಕೇಳು.

ಆ ಜೋಡಿ ತನ್ನ ಮನೆಯಲ್ಲಿ ಮರಿ ಮಾಡಬೇಕು ಎನ್ನುವುದು ಗೃಹಸ್ಥನ ಆಸೆ. ಮರಿಯಾಗುವ ಮೊದಲೇ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ನಿಮ್ಮ ಮನೆಗೆರಡು, ನಿಮ್ಮ ಮನೆಗೆರಡು ಎಂದು ಹಂಚಿಯೂ ಆಗಿತ್ತು. ಒಂದು ಬೆಳಿಗ್ಗೆ ಗಂಡು ಬಾಯಿಯಿಂದ ಮರಳನ್ನು ಎತ್ತಿ ಎತ್ತಿ ಹಾಕಿ ಒಂದು ಗುಳಿ ಮಾಡಿತು. ಹೆಣ್ಣಿನ ಮುಂದೆ ಮೈ ನಡುಗಿಸುತ್ತಾ ಕುಣಿಯಿತು. ಹೆಣ್ಣು ಗುಳಿಗೆ ಬಂತು, ಮೊಟ್ಟೆ ಇಟ್ಟಿತು. ಗೃಹಸ್ಥ ಉಸಿರು ಬಿಗಿಹಿಡಿದು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ. ಅವನು ನೋಡುತ್ತಿದ್ದಂತೆಯೇ ಹೆಣ್ಣು ಹಿಂದಕ್ಕೆ ತಿರುಗಿತು. ತಾನಿಟ್ಟ ಮೊಟ್ಟೆಯನ್ನು ತಾನೇ ಬಾಯಿಗೆ ಹಾಕಿಕೊಂಡಿತು. ಮತ್ತೆ ಇಟ್ಟಿತು, ಮತ್ತೆ ಬಾಯಿಗೆ ಹಾಕಿಕೊಂಡಿತು. ಗುಳಿಯಲ್ಲಿ ಒಂದೂ ಉಳಿಯಲಿಲ್ಲ.

ಇಲ್ಲಿ ಕತೆ ನಿಲ್ಲಿಸಿ ಕೇಳಿದೆ: "ಅಲ್ಲಿ ನೀನಿದ್ದರೆ ಏನನ್ನುತ್ತಿದ್ದೆ?"

"ಪಾಪಿ ಅನ್ನುತ್ತಿದ್ದೆ," ಎಂದ ತಿಪ್ಪೇಶ. "ಅದರಲ್ಲೇನಿದೆ? ನಮ್ಮ ಮನೆಯ ಗೋಲ್ಡ್ ಫಿಶ್ ಕೂಡ ಹಾಗೇ ಮಾಡಿತು. ಇಟ್ಟದ್ದನ್ನೆಲ್ಲ ತಾನೇ ಮುಕ್ಕಿತು."

"ಗೃಹಸ್ಥನೂ ಅದನ್ನೇ ಅಂದ," ಎಂದೆ.

ಅಂದವನು ಸುಮ್ಮನಿರಲಿಲ್ಲ. ಬಾಗಿಲಿಗೆ ಬಂದು ಓಣಿಯವರನ್ನು ಕರೆದ. ಬನ್ನಿ, ಹೆತ್ತದ್ದನ್ನೇ ತಿಂದ ತಾಯಿಯನ್ನು ನೋಡಿ ಎಂದ. ಎಲ್ಲರೂ ಬಂದರು. ಗೃಹಸ್ಥ ಆ ಮೀನಿಗೆ ಪೂತನಿ ಎಂದು ಹೆಸರಿಟ್ಟ. ಹೆಸರು ಎಲ್ಲರಿಗೂ ಹಿಡಿಸಿತು. ಮಕ್ಕಳು ಶಾಲೆಗೆ ಹೋಗುವಾಗ ಕಿಟಕಿಯಲ್ಲಿ ಇಣುಕಿ, ಪೂತನೀ ಎಂದು ಕೂಗಿ ಹೋಗತೊಡಗಿದರು.

ಕಣ್ಣಾರೆ ಕಂಡದ್ದಕ್ಕೆ ಸಾಕ್ಷಿಗಳೂ ತಾವಾಗಿಯೇ ಬಂದು ನಿಂತವು. ಮೀನಿನ ದವಡೆ ಆಗಾಗ ಆಡುತ್ತಿತ್ತು. ನೋಡಿ, ಇನ್ನೂ ಅಗಿಯುತ್ತಿದೆ ಎಂದ ಗೃಹಸ್ಥ. ಗಂಟಲು ಉಬ್ಬಿತ್ತು. ಎಷ್ಟು ತಿಂದಿದೆ ನೋಡಿ ಎಂದ. ಹಾಕಿದ ಆಹಾರವನ್ನು ಮೂಸಿಯೂ ನೋಡಲಿಲ್ಲ. ಹೊಟ್ಟೆ ತುಂಬಿದೆಯಲ್ಲ, ಇನ್ನೆಲ್ಲಿ ಬೇಕಾದೀತು ಎಂದ.

ಅವನ ಹೆಂಡತಿ ಮಾತ್ರ ಒಂದು ದಿನ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

"ಉಂಡವರ ಹೊಟ್ಟೆ ಹೀಗೆ ಒಳಗೆ ಹೋಗುತ್ತದೇನ್ರೀ?" ಎಂದಳು. "ಬೆನ್ನಿಗೆ ಹತ್ತಿಕೊಂಡಿದೆ."

"ನಿನಗೇನು ಗೊತ್ತು? ನಾನು ಕಣ್ಣಾರೆ ಕಂಡಿದ್ದೇನೆ."

ಅವಳು ಒಳಗೆ ಹೋದಳು. ಅವನಿಗೆ ಸಿಟ್ಟು ಬಂತು. ಇಂಥದ್ದಕ್ಕೆ ಅಂಥ ಚಂದದ ತೊಟ್ಟಿ ಯಾಕೆ ಎಂದು ಬಲೆ ಹಾಕಿ ಎತ್ತಿದ. ನೀರಿನಿಂದ ಹೊರಗೆ ತೆಗೆದರೆ ಯಾವ ಮೀನಾದರೂ ಬಾಯಿ ತೆರೆಯುತ್ತದೆ. ಅದು ತೆರೆಯಲಿಲ್ಲ. ಬಲೆಯಲ್ಲಿ ಬಿದ್ದು ಒದ್ದಾಡಿತು, ಕಿವಿರು ಬಡಿದುಕೊಂಡಿತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. ಎಷ್ಟು ಸೊಕ್ಕು ನೋಡಿ ಎಂದ ಗೃಹಸ್ಥ. ಒಂದು ಪ್ಲಾಸ್ಟಿಕ್ ಬೋಗುಣಿಗೆ ನೀರು ತುಂಬಿ ಅದರಲ್ಲಿ ಹಾಕಿದ. ಮರೆಗೆ ಒಂದು ಕಲ್ಲನ್ನೂ ಇಡಲಿಲ್ಲ. ಬೋಗುಣಿಯನ್ನು ಜಗಲಿಯ ಮೇಲಿಟ್ಟ. ಹೋಗಿ ಬರುವವರೆಲ್ಲ ನೋಡಲಿ ಎನ್ನುವುದೇ ಅವನ ಉದ್ದೇಶ. ನೋಡಿದರು ಕೂಡ. ಒಬ್ಬ ಅದರ ಪಕ್ಕದಲ್ಲೇ ಎಲೆಯಡಿಕೆ ಉಗುಳಿ ಹೋದ.

ದಿನಗಳು ಹೋದವು. ಮೀನು ಬೋಗುಣಿಯ ಅಂಚಿಗೆ ಒರಗಿಕೊಂಡಿತ್ತು. ನೀಲಿ ಬಣ್ಣ ಬೂದಿಯಾಯಿತು. ತಲೆ ಮಾತ್ರ ದೊಡ್ಡದು, ಹಿಂದೆ ಒಂದು ಕಡ್ಡಿಯಂಥ ಮೈ. ಸಾಯುತ್ತದೆ, ಸಾಯಲಿ ಎಂದುಕೊಂಡ ಗೃಹಸ್ಥ. ಆದರೂ ನೀರು ಬದಲಿಸುತ್ತಿದ್ದ. ಅಭ್ಯಾಸ.

ಒಂದು ಬೆಳಿಗ್ಗೆ ನೀರು ಬದಲಿಸಲೆಂದು ಹೋದ. ಬೋಗುಣಿಯ ನೀರಿನಲ್ಲಿ ಸಾಸಿವೆಯಂಥ ಕಣ್ಣುಗಳು ಓಡಾಡುತ್ತಿದ್ದವು. ಒಂದೊಂದು ಜೋಡಿ ಕಣ್ಣಿಗೂ ಒಂದೊಂದು ಪುಟ್ಟ ಬಾಲ. ಅಕ್ಕಿಕಾಳಿನಷ್ಟು ಮೀನಿನ ಮರಿಗಳು. ಅವುಗಳ ನಡುವೆ ಪೂತನಿ. ಅವನು ಮೊದಲು ಮೋರಿಯ ಕಡೆ ನೋಡಿದ. ಆಮೇಲೆ ಆಕಾಶ ನೋಡಿದ. ಎಲ್ಲಿಂದ ಬಂದವು ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದೆ ಉಳಿದಿದ್ದ ಒಂದು ಮರಿ ತಾಯಿಯ ತುಟಿಯ ಸಂದಿಯಿಂದ ತೂರಿಕೊಂಡು ಹೊರಗೆ ಬಂತು.

ಗೃಹಸ್ಥ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತ.

ಅದು ತಿಂದಿರಲಿಲ್ಲ. ಆ ಜಾತಿಯ ತಾಯಿಗೆ ಮೊಟ್ಟೆ ಇಡಲು ಬೇರೆ ಗೂಡಿಲ್ಲ, ಬಾಯಿಯೇ ಗೂಡು. ಮರಿಯಾಗಿ ಈಜುವವರೆಗೂ ಬಾಯಿ ಬಿಡುವಂತಿಲ್ಲ, ಉಣ್ಣುವಂತಿಲ್ಲ. ಅವನು ಅಗಿಯುತ್ತಿದೆ ಎಂದದ್ದು, ಒಳಗಿದ್ದ ಮೊಟ್ಟೆಗಳಿಗೆ ಹೊಸ ನೀರು ತಾಗಲಿ ಎಂದು ಹೊರಳಿಸುತ್ತಿದ್ದದ್ದು. ಹೊಟ್ಟೆ ತುಂಬಿದೆ ಎಂದದ್ದು, ಉಪವಾಸ. ಸೊಕ್ಕು ಎಂದದ್ದು, ಉಸಿರು ಕಟ್ಟಿದರೂ ಮಕ್ಕಳನ್ನು ಉಗುಳದೆ ಇದ್ದದ್ದು.

ಹೆಂಡತಿ ಕಸ ಗುಡಿಸುತ್ತಾ ಜಗಲಿಗೆ ಬಂದಳು. ಬೋಗುಣಿ ನೋಡಿದಳು. ಗಂಡನನ್ನು ನೋಡಿದಳು.

"ಇವತ್ತು ಯಾರನ್ನೂ ಕರೆಯುವುದಿಲ್ಲವೇನ್ರೀ?" ಎಂದಳು.

ಅವಳು ಒಳಗೆ ಹೋದ ಮೇಲೆ ಗೃಹಸ್ಥನಿಗೆ, ಆ ಮೀನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಏನು ಹೇಳಬೇಕೆಂದು ತಿಳಿಯದೆ ಬೋಗುಣಿಯ ಮೇಲೆ ಬಾಗಿದ. ಅವನ ನೆರಳು ನೀರಿನ ಮೇಲೆ ಬಿತ್ತು. ಮೀನು ಬೆದರಿ ಬಾಯಿ ತೆರೆಯಿತು. ಆ ಬಾಯಿ ಅಗಲವಾಗಿ ತೆರೆದದ್ದನ್ನು ಅವನು ನೋಡಿದ್ದು ಅದೇ ಮೊದಲು. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ಒಳಗೆ ನುಗ್ಗಿದವು. ಬಾಯಿ ಮುಚ್ಚಿತು. ತಾಯಿ ಅವನಿಗೆ ಬೆನ್ನು ಮಾಡಿ ಬೋಗುಣಿಯ ಆ ಕೊನೆಗೆ ಹೋಯಿತು.

ಯಾರಿಂದ ಕಾಪಾಡಬೇಕು ಎಂಬುದು ಅದಕ್ಕೆ ಗೊತ್ತಿತ್ತು.

ತಿಪ್ಪೇಶನ ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು. "ಆಮೇಲೆ?" ಎಂದ.

ಆಮೇಲೆ ಅವನು ಮೀನು ಕೊಂಡಿದ್ದ ಅಂಗಡಿಗೆ ಹೋದ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದ. ಅಂಗಡಿಯವನು ಹೇಳಿದ: "ನೀವು ಬೆಲೆ ಕೇಳಿದಿರಿ, ಬಣ್ಣ ಕೇಳಿದಿರಿ. ಅನುಮಾನ ಬಂದ ದಿನವಾದರೂ ಬಂದು ಕೇಳಿದ್ದರೆ ಹೇಳುತ್ತಿದ್ದೆ. ನಿಮಗೆ ಅನುಮಾನವೇ ಬರಲಿಲ್ಲ."

"ಆ ಅಂಗಡಿಯವನು ನೀವೇನಾ ಗುರುಗಳೇ?"

ಅಲ್ಲ. ಅವನು ಗಂಭೀರ ಮನುಷ್ಯ, ನೋಡಲು ಸುಂದರ. ಇರಲಿ, ನಾನೇ.

ಗೃಹಸ್ಥ ಮನೆಗೆ ಬಂದು ಬೋಗುಣಿಯನ್ನು ಒಳಗೆ ತಂದ. ಮರೆಗೆ ಕಲ್ಲು ಇಟ್ಟ. ಕೋಳಿಮೊಟ್ಟೆ ಬೇಯಿಸಿ, ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ಉದ್ದ ಹಿಡಿಯ ಚಮಚದಲ್ಲಿ ದೂರದಿಂದ ಒಂದು ಚಿಟಿಕೆಯಷ್ಟನ್ನೇ ಬಿಡುತ್ತಿದ್ದ. ಬಿಟ್ಟು ಹಿಂದೆ ಸರಿಯುತ್ತಿದ್ದ. ಅವನು ಎಷ್ಟು ದೂರ ಹೋದರೆ ತಾಯಿ ಬಾಯಿ ತೆರೆದು ಮರಿಗಳನ್ನು ಬಿಡುತ್ತದೆ ಎಂದು ಅವನು ಕಲಿಯಬೇಕಾಯಿತು. ಮೊದಲು ಬಾಗಿಲಿನಾಚೆಗೆ ಹೋಗಬೇಕಿತ್ತು. ಎಷ್ಟೋ ದಿನದ ಮೇಲೆ ಹೊಸ್ತಿಲು ಸಾಕಾಯಿತು. ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದವನು ಹೊಸ್ತಿಲ ಮೇಲೆ ಕುಳಿತು, ಕಂಡರೂ ಕಾಣದವನಂತೆ ನೋಡುವುದನ್ನು ಕಲಿತ. ಮರಿಗಳು ಬೆಳೆದವು.

ಆದರೆ ಓಣಿಯಲ್ಲಿ ಹೇಳಿದ್ದು ಓಣಿಯಲ್ಲೇ ಇತ್ತು. ಅದನ್ನು ಹಿಂದಕ್ಕೆ ತರಬೇಕಲ್ಲ. ಮೊದಲ ದಿನ ಹೊರಟವನು ಪಕ್ಕದ ಮನೆಯ ಗೇಟಿನವರೆಗೆ ಹೋಗಿ, ಅವರ ದಾಸವಾಳ ಚೆನ್ನಾಗಿ ಬಂದಿದೆ ಎಂದು ಹೇಳಿ ವಾಪಸ್ಸು ಬಂದ. ಮರುದಿನ ಹೋಗಿ ಹೇಳಿದ. ಒಂದೊಂದೇ ಮನೆಯ ಬಾಗಿಲಿಗೆ ಹೋದ. ತಲೆ ತಗ್ಗಿಸಿ, ಅದು ತಿಂದಿರಲಿಲ್ಲ, ನಾನು ತಪ್ಪು ಹೇಳಿದೆ ಎಂದ. ಜನ ಒಳ್ಳೆಯವರು. ಎಲ್ಲರೂ ಸಂತೋಷಪಟ್ಟರು.

"ಹೌದೇ! ನಿಮ್ಮ ಪೂತನಿ ಮರಿ ಹಾಕಿತೇ?" ಎಂದರು.

ಹೆಸರು ಇಡಲು ಅವನೊಬ್ಬ ಸಾಕಾಗಿದ್ದ. ತೆಗೆಯಲು ಅವನೊಬ್ಬ ಸಾಕಾಗಲಿಲ್ಲ. ಆ ಮೀನು ಸಾಯುವವರೆಗೂ ಪೂತನಿಯೇ ಆಗಿತ್ತು. ಪ್ರತಿ ಸಲ ಯಾರಾದರೂ ಆ ಹೆಸರು ಕೂಗಿದಾಗ ಗೃಹಸ್ಥ ತನ್ನನ್ನೇ ಕರೆದರೆಂಬಂತೆ ತಿರುಗಿ ನೋಡುತ್ತಿದ್ದ.

ಕತೆ ಮುಗಿಯಿತು. ನಾನು ಚಹಾ ಗುಟುಕರಿಸಿದೆ. ತಿಪ್ಪೇಶ ಲೋಟವನ್ನು ಕೆಳಗಿಟ್ಟ.

"ಅದು ಮೀನು ಗುರುಗಳೇ," ಎಂದ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. "ಮೀನಿಗೆ ಮಾತು ಬರುವುದಿಲ್ಲ. ಅತ್ತಿಗೆಗೆ ಬರುತ್ತದಲ್ಲ. ಅವರ ಬಾಯಲ್ಲಿ ಏನಿತ್ತು, ಸುಮ್ಮನಿರಲು?"

"ನೀನು ಅವರನ್ನು ನೋಡಿದ್ದು ಈ ಬೆಂಚಿನ ಮೇಲೆ. ಇಲ್ಲಿ ಚಹಾ ಕೊಡುವವನು ಕರಿಬಸಪ್ಪ. ಇವತ್ತಿನವರೆಗೆ ಅವನನ್ನು ಒಂದು ಮಾತು ಕೇಳಿದ್ದೀಯಾ?"

ತಿಪ್ಪೇಶ ತಲೆಯಾಡಿಸಿದ. ಕೇಳಿರಲಿಲ್ಲ.

"ನಾನೇ ಹೇಳಬಹುದು. ಆ ಎರಡು ದಿನವೂ ಪಕ್ಕದ ಬೆಂಚಿನಲ್ಲಿ ಪೇಪರಿನ ಹಿಂದೆ ಇದ್ದೆ. ಕದ್ದು ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ, ಇದು ನಿಜ. ಆದರೆ ನಾನು ಮೊಸಳೆಯಷ್ಟು ಮೀನು ಎಂದವನು. ನನ್ನನ್ನು ನಂಬಬೇಡ. ಅವನನ್ನು ಕೇಳು."

ಕರಿಬಸಪ್ಪ ಕೈ ಒರೆಸಿಕೊಂಡು ಬಂದ. ಅವನು ನಮ್ಮ ಯಾವ ಹರಟೆಗೂ ಸೇರುವವನಲ್ಲ.

"ನಿಮ್ಮತ್ತಿಗೆ ಜೊತೆ ಕೂತಿದ್ದೋರು ಹರಿಹರದ ಹುಡುಗಿ ಸೋದರಮಾವ ಕಣಪ್ಪ," ಎಂದ. "ಹುಡುಗನ ಬಗ್ಗೆ ಗುಟ್ಟಾಗಿ ವಿಚಾರಿಸೋಕೆ ಬಂದಿದ್ರು. ಹುಡುಗನ ಬಾಯಿ ಸರಿಯಿಲ್ಲವಂತೆ, ಹೋದ ವರ್ಷ ಯಾವುದೋ ಹೆಣ್ಣು ನೋಡೋಕೆ ಹೋಗಿ ಆ ಹುಡುಗೀನ ಅಳಿಸಿ ಬಂದನಂತೆ, ಹೌದೋ ಅಲ್ಲವೋ ಅಂತ ಕೇಳಿದ್ರು. ಹುಡುಗೀನ ಕೊಡೋದಿಲ್ಲ ಅಂತ ಎದ್ದೇ ಬಿಟ್ಟಿದ್ರು. ನಿಮ್ಮತ್ತಿಗೆ ಎರಡನೇ ಸಲ ಹೇಳಿಕಳಿಸಿ ಕರೆಸಿಕೊಂಡ್ರು. ಕೈ ಮುಗಿದ್ರು."

"ಕೈ ಮುಗಿದು?"

"'ನಾನು ಸಾಕಿದ ಹುಡುಗ. ಇಷ್ಟು ವರ್ಷದಲ್ಲಿ ನನ್ನ ಮನಸ್ಸು ನೋಯೋ ಹಾಗೆ ಒಂದು ಮಾತು ಆಡಿಲ್ಲ' ಅಂದ್ರು. ಮಾವ ಒಪ್ಪಿಕೊಂಡು ಹೋದ್ರು."

ಕರಿಬಸಪ್ಪ ಒಲೆಯ ಹತ್ತಿರ ಹೋದ. ಹಾಲು ಉಕ್ಕುತ್ತಿತ್ತು.

"ಇದನ್ನೇ ಅಲ್ಲಿ ಹೇಳಿದ್ದರೆ..." ಎಂದ ತಿಪ್ಪೇಶ.

"ಹೇಳಿದ್ದರೆ, ಹೆಣ್ಣಿನ ಕಡೆಯವರಿಗೆ ನಿನ್ನ ಮೇಲೆ ಅನುಮಾನವಿದೆ ಎಂದು ಪಂಕ್ತಿಯಲ್ಲಿ ಕುಳಿತ ಅಷ್ಟೂ ಜನರಿಗೆ ಗೊತ್ತಾಗುತ್ತಿತ್ತು. ಅವರು ನಿನ್ನ ಹೆಸರು ಉಳಿಸಿದರು. ಉಳಿಸಿದ ಮೇಲೆ ಸಾರು ಬಡಿಸಿದರು."

ಅವನು ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡ. ಕಿವಿ ಕೆಂಪಾಗಿದ್ದವು. ನಿಲ್ದಾಣದಲ್ಲಿ ಯಾವುದೋ ಬಸ್ಸಿನ ಕಂಡಕ್ಟರ್ ಜಗಳೂರು, ಜಗಳೂರು ಎಂದು ಕೂಗುತ್ತಿದ್ದ. ತಿಪ್ಪೇಶನಿಗೂ ಕೇಳಿಸಿರಬೇಕು. ಎದ್ದು ನಿಂತ. ನಿಂತಲ್ಲೇ ನಿಂತ.

"ಯಾವ ಮುಖ ಹೊತ್ತು ಹೋಗಲಿ ಗುರುಗಳೇ? ಹೋಗಿ ಏನೆಂದು ಶುರು ಮಾಡಲಿ?"

"ಇದೇ ಬೆಂಚಿನಲ್ಲಿ ನಿನಗೋಸ್ಕರ ಕುಡಿಸಿದ ಚಹಾಕ್ಕೆ ಎರಡು ದಿನವೂ ನಿನ್ನ ಅತ್ತಿಗೆಯೇ ದುಡ್ಡು ಕೊಟ್ಟರು, ತಿಪ್ಪೇಶ, ಇವತ್ತು ನನ್ನ ಚಹಾಕ್ಕೆ ನೀನು ಕೊಟ್ಟು ಶುರು ಮಾಡು."